ಖಾಯಂ ಅಪ್ಪನ ಎಡಗಿವಿ

"ಎಲ್ಲಪ್ಪಾ ನಾನು?" ಹಿರಿಯ ನಟರು ಪರದೆಗೆ ಮೂಗು ತಾಗುವಷ್ಟು ಬಾಗಿ ಕೇಳಿದರು.

"ಇಲ್ಲೇ ಇದೀರಲ್ಲ ಸರ್," ಎಂದು ಸಂಕಲನಕಾರ ಪೆನ್ನಿನ ತುದಿಯಿಂದ ಬಲ ಮೂಲೆ ತೋರಿಸಿದ. "ಈ ಕಿವಿ ನಿಮ್ದೇ."

ಮರುದಿನ ಸಂಜೆ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ. ಸಭೆಯಲ್ಲಿ ತೋರಿಸಲು ಅವರ ಅತ್ಯುತ್ತಮ ಚಿತ್ರಗಳ ಕರುಳು ಹಿಂಡುವ ದೃಶ್ಯಗಳು ಬೇಕಾಗಿದ್ದವು. ಚಿತ್ರಗಳನ್ನು ಅವರೇ ಆರಿಸಿ, ಹೆಂಡತಿಯನ್ನೂ ಜೊತೆಗೆ ಕರೆತಂದಿದ್ದರು. ಚಿತ್ರರಂಗದಲ್ಲಿ ಅವರ ಹೆಸರೇ ಖಾಯಂ ಅಪ್ಪ. ತಮಗಿಂತ ಎರಡು ವರ್ಷ ದೊಡ್ಡವನಾದ ಹೀರೋಗೆ ಅವರು ಅಪ್ಪನಾಗುತ್ತಲೇ ಬಂದಿದ್ದರು. ಹೀರೋನ ಕೂದಲು ಕಪ್ಪಾಗುತ್ತಾ ಹೋದಂತೆಲ್ಲ ಇವರ ತಲೆಗೆ ಬಳಿಯುವ ಬಿಳಿ ಬಣ್ಣ ಹೆಚ್ಚುತ್ತಾ ಹೋಗಿತ್ತು.

"ಈ ಕೋರ್ಟ್ ಸೀನಲ್ಲಿ ಗ್ಲಿಸರಿನ್ ಇಲ್ದೆ ಅತ್ತಿದ್ದೆ ಕಣಯ್ಯಾ. ಲೈಟಿನವರೂ ಕಣ್ಣೊರೆಸ್ಕೊಂಡ್ರು."

ಅವರು ಅತ್ತಿದ್ದು ನಿಜ. ಪರದೆಯ ತುಂಬ ಇದ್ದದ್ದು ಮಾತ್ರ ಹೀರೋನ ಮುಖ. ಮೂಲೆಯಲ್ಲಿ ಒಂದು ಮಸುಕು ಭುಜ, ಒಂದಿಷ್ಟು ಬಿಳಿಕೂದಲು, ಒಂದು ಎಡಗಿವಿ. ಪ್ರವಾಹದ ಚಿತ್ರದಲ್ಲೂ ಅದೇ ಕಿವಿ, ಆಸ್ಪತ್ರೆಯ ಚಿತ್ರದಲ್ಲೂ ಅದೇ. ಮೊದಮೊದಲು ಕ್ಯಾಮೆರಾದವನು "ಸ್ವಲ್ಪ ತಿರುಗಿ, ಹೀರೋ ಮುಖಕ್ಕೆ ಬೆಳಕು ಬಿಡಿ" ಎಂದು ಕೂಗಬೇಕಾಗಿತ್ತು. ಆಮೇಲಾಮೇಲೆ ದೀಪ ಹತ್ತಿದ ಕೂಡಲೇ ಇವರೇ ತಿರುಗುತ್ತಿದ್ದರು. ಅಂಥ ಸಹಕಾರಿ ನಟ ಇನ್ನೊಬ್ಬನಿಲ್ಲ ಎಂದು ನಿರ್ಮಾಪಕರೆಲ್ಲ ಹೊಗಳುತ್ತಿದ್ದರು.

"ಕಿವಿ ಚೆನ್ನಾಗೇ ಅಳ್ತಿದೆ," ಎಂದರು ಹೆಂಡತಿ.

"ಒಂದು ಸಿನಿಮಾದಲ್ಲಿ ಪೂರ್ತಿ ಮುಖ ಇದೆ ಸರ್," ಎಂದ ಸಂಕಲನಕಾರ ಸಂಕೋಚದಿಂದ. ಅಲ್ಲಿ ಯಾರೋ ಬಿಳಿ ಬಟ್ಟೆ ಸರಿಸಿದರು. ಖಾಯಂ ಅಪ್ಪನ ಮುಖ ಪರದೆಯನ್ನೆಲ್ಲ ಆವರಿಸಿತು.

"ಅದ್ರಲ್ಲಿ ನಾನು ಹೆಣ ಅಲ್ವೇನಯ್ಯಾ?"

"ಆದ್ರೂ ಕ್ಲೋಸಪ್ ಸರ್."

ಬೇರೆ ದಾರಿಯಿರಲಿಲ್ಲ, ಹೆಣವನ್ನೇ ಸೇರಿಸಿದರು. ಮೆಟ್ಟಿಲಿಳಿಯುವಾಗ ಖಾಯಂ ಅಪ್ಪ ತಾವೇ ಸಮಾಧಾನ ಮಾಡಿಕೊಂಡರು. "ಹೋಗ್ಲಿ ಬಿಡೇ. ನಾಳೆ ಪ್ರಶಸ್ತಿ ತಗೊಳ್ಳೋ ಫೋಟೋ ಪೇಪರಲ್ಲಿ ಬರತ್ತಲ್ಲ, ಅದು ನಂದು. ಒಂದು ಸಲನಾದ್ರೂ ಜನ ನನ್ನ ಮುಖ ನೋಡ್ಲಿ." ಅದಕ್ಕೆಂದೇ ಹೊಸ ಹಲ್ಲಿನ ಸೆಟ್ಟು ಕಟ್ಟಿಸಿದ್ದರು. ಹೆಂಡತಿ ನಡುಮನೆಯ ಗೋಡೆಯಲ್ಲಿ ಜಾಗ ಮಾಡಿ, ಖಾಲಿ ಫ್ರೇಮು ತಂದಿಟ್ಟಿದ್ದರು.

ಪ್ರಶಸ್ತಿ ಕೊಡಲು ಬಂದವನು ಹೀರೋನೇ. ಹೆಣದ ದೃಶ್ಯಕ್ಕೆ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಫೋಟೋದವರು ವೇದಿಕೆಯ ಕೆಳಗೆ ಮಂಡಿಯೂರಿದರು. ಹೀರೋ ಪ್ರಶಸ್ತಿಯನ್ನು ಮುಂದೆ ಚಾಚಿದ. ಮೇಲಿನ ದೊಡ್ಡ ದೀಪಗಳು ಒಮ್ಮೆಲೇ ಹತ್ತಿಕೊಂಡವು.

ಖಾಯಂ ಅಪ್ಪನ ಕಾಲು ತಾನಾಗಿಯೇ ಅರ್ಧ ಹೆಜ್ಜೆ ಸರಿಯಿತು. ಭುಜ ಇಳಿಯಿತು. ಬೆನ್ನು ಕ್ಯಾಮೆರಾಗಳ ಕಡೆ ತಿರುಗಿತು.

"ರೀ, ಈ ಕಡೆ," ಎಂದು ಮುಂದಿನ ಸಾಲಿನಿಂದ ಹೆಂಡತಿ ಅರ್ಧ ಎದ್ದು ಕೂಗಿದರು. ಚಪ್ಪಾಳೆಯ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಹೊಸ ಹಲ್ಲಿನ ಅಷ್ಟೂ ನಗು ಹೀರೋ ಒಬ್ಬನ ಪಾಲಾಯಿತು.

ಬೆಳಿಗ್ಗೆ ಪೇಪರಿನ ಮುಖಪುಟದಲ್ಲಿ ಹೀರೋ ಹಲ್ಲುಕಿರಿದು ನಿಂತಿದ್ದ, ಕೈಯಲ್ಲಿ ಪ್ರಶಸ್ತಿ. ಬಲ ಮೂಲೆಯಲ್ಲಿ ಅದೇ ಮಸುಕು ಭುಜ, ಅದೇ ಕಿವಿ. ಖಾಯಂ ಅಪ್ಪ ಹಲ್ಲಿನ ಸೆಟ್ಟು ತೆಗೆದು ನೀರಿನ ಬಟ್ಟಲಿಗೆ ಹಾಕಿದರು.

"ನಂಗೇ ಗೊತ್ತಾಗ್ಲಿಲ್ಲ ಕಣೇ. ಲೈಟ್ ಬಿತ್ತು ನೋಡು, ತಿರುಗಿಬಿಟ್ಟೆ."

ಹೆಂಡತಿ ಫೋಟೋ ಕತ್ತರಿಸಿ, ಫ್ರೇಮಿಗೆ ಹಾಕಿ, ಗೋಡೆಗೆ ತೂಗುಹಾಕಿ, ಓರೆಯಾಗಿದ್ದದ್ದನ್ನು ನೆಟ್ಟಗೆ ಮಾಡಿದರು. ಅಷ್ಟರಲ್ಲಿ ಫೋನು ಬಂತು. ಹೀರೋ.

"ಪೇಪರ್ ನೋಡಿದ್ರಾ ಅಪ್ಪಾ? ಇಬ್ರೂ ಎಷ್ಟು ಚೆನ್ನಾಗಿ ಬಂದಿದೀವಿ."

"ಹೌದಪ್ಪಾ," ಎಂದರು ಅವರು ಬೊಚ್ಚುಬಾಯಿಯಲ್ಲಿ, ಫೋನನ್ನು ಎಡಗಿವಿಗೆ ಒತ್ತಿಕೊಂಡು.