ಬಲಗಾಲಿಗೆ ರಜೆ

ತಿರುವು ಇನ್ನೂ ದೂರವಿರುವಾಗಲೇ ಹಳೇ ಡ್ರೈವರನ ಬಲಗಾಲು ಬಸ್ಸಿನ ಪ್ರಯಾಣಿಕರ ಸೀಟಿನ ಮುಂದಿನ ನೆಲವನ್ನು ಬಲವಾಗಿ ಒತ್ತಿತು. ಮೂವತ್ತೊಂದು ವರ್ಷ ಇದೇ ರೂಟಿನಲ್ಲಿ ಬಸ್ಸು ಓಡಿಸಿದವನು. ನಿವೃತ್ತನಾಗಿ ಎರಡು ತಿಂಗಳಾದರೂ ಕಾಲಿಗೆ ಆ ಸುದ್ದಿ ಮುಟ್ಟಿರಲಿಲ್ಲ.

"ರೀ, ಅಲ್ಲಿ ಬ್ರೇಕಿಲ್ಲ," ಪಕ್ಕದಲ್ಲಿದ್ದ ಹೆಂಡತಿ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಓಡಿಸೋಕೆ ಮುಂದೆ ಆ ಹುಡುಗಿ ಇದಾಳಲ್ಲ. ನೀವು ಸುಮ್ನೆ ಕಿಟಕಿ ಆಚೆ ನೋಡಿ."

"ತಿರುವಲ್ಲಿ ಇಷ್ಟು ಸ್ಪೀಡಾ..." ಎಂದು ಗೊಣಗುತ್ತಲೇ ಅವನು ಅತ್ತ ತಿರುಗಿದ. ಗ್ಯಾರೇಜುಗಳ ಹಿಂದೆ ಅಗಲವಾದ ಕೆರೆಯೊಂದು ಬಿಸಿಲಿಗೆ ಥಳಥಳಿಸುತ್ತಿತ್ತು. ಬಿಳಿ ಹಕ್ಕಿಗಳ ಹಿಂಡೊಂದು ನೀರಿನಿಂದ ಒಟ್ಟಿಗೇ ಮೇಲೆದ್ದಿತು. ತಿರುವು ಬಂದು ಹೋಯಿತು. ಬಲಗಾಲಿಗೆ ಅದರ ನೆನಪೇ ಆಗಲಿಲ್ಲ.

"ಅಲ್ಲ ಕಣೇ, ಈ ಕೆರೆ ಯಾವಾಗ ಬಂತು ಇಲ್ಲಿಗೆ?"

"ನಿಮ್ಮ ಬಸ್ಸಲ್ಲೇ ಕೂತು ನಾನು ಎಷ್ಟು ಸಲ ನೋಡಿದೀನಿ," ಅವಳು ನಕ್ಕಳು. "ನಿಮಗೆ ರಸ್ತೆ ಬಿಟ್ರೆ ಇನ್ನೇನು ಕಾಣ್ತಿತ್ತು?"

ಇಳಿಯುವ ಸ್ಟಾಪು ಬಂದಾಗ ಅವನು ಹಿಂಬಾಗಿಲು ಬಿಟ್ಟು ನೇರ ಡ್ರೈವರ್ ಹುಡುಗಿಯ ಬಳಿಗೆ ಹೋದ. ಇನ್ನು ಆ ತಿರುವಿನ ಪಾಠ ಶುರುವಾಯಿತು ಎಂದುಕೊಂಡು ಹೆಂಡತಿ ಹಣೆ ಚಚ್ಚಿಕೊಂಡಳು.

"ತುಂಬಾ ಉಪಕಾರ ಆಯ್ತಮ್ಮ," ಎಂದ ಅವನು. "ನೀನು ರಸ್ತೆ ನೋಡ್ಕೊಂಡಿದ್ದಕ್ಕೆ ನಾನು ಕೆರೆ ನೋಡಿದೆ."