ತೂತಿಲ್ಲದ ಫೋನು

ಜೀಪಿನಲ್ಲಿ ಕೂತ ಮಾದೇಶ್ ಪಿನ್ನು ಹಿಡಿದು ಮೀನಾಳ ಫೋನಿನ ನಾಲ್ಕೂ ಅಂಚು ತಡಕಿದ. ಚಾರ್ಜರ್ ಚುಚ್ಚುವ ಜಾಗ ಸಿಕ್ಕಿತು, ಅದರ ಪಕ್ಕದ ಸಣ್ಣ ಸಣ್ಣ ತೂತುಗಳು ಸಿಕ್ಕವು. ಸಿಮ್ ಕೂರುವ ತಟ್ಟೆ ಮಾತ್ರ ಸಿಗಲಿಲ್ಲ.

“ಅಲ್ಲಿ ಚುಚ್ಬೇಡ ಮಾವ, ಅದು ಮೈಕು,” ಎಂದಳು ಮೀನಾ. “ಇದ್ಕೆ ಸಿಮ್ಮೇ ಬೇಡ. ನಂಬರ್ ಒಳಗೇ ಅದ.”

“ಒಳಗೆ ಅಂದ್ರೆ ಎಲ್ಲಿ?”

“ನಂಗೇನ್ ಗೊತ್ತು. ಅಮೆರಿಕದಿಂದ ಬಂದ ಹಳೇ ಫೋನಂತೆ, ಅಲ್ಲೆಲ್ಲ ಹಿಂಗೇ ಅಂತೆ. ಕೊಳ್ಳೇಗಾಲದ ಅಂಗಡಿಯವ್ನು ಏನೋ ಒತ್ತಿ, ಏನೋ ತಿರುವಿ, ನನ್ ನಂಬರ್‍ನ ಒಳಕ್ಕೆ ಇಳ್ಸಿಬುಟ್ಟ. ಹಳೇ ಸಿಮ್ ಇನ್ನು ಕೆಲ್ಸಕ್ ಬರಲ್ಲ ಅಂದ. ಅಲ್ಲೇ ಬಿಸಾಕ್ ಬಂದಿ.”

ಹನೂರಿನಾಚೆ ಕಾಡಿನೊಳಗಿನ ಅವರ ಊರಿಗೆ ಸಿಗ್ನಲ್ ಇಲ್ಲ. ದಿನಾ ಬೆಳಿಗ್ಗೆ ಹನೂರಿಗೆ ಜೀಪು ಹೊಡೆಯುವ ಮಾದೇಶನ ಕೈಗೆ ಜನ ತಮ್ಮ ಸಿಮ್ ಬಿಚ್ಚಿ ಕೊಡುತ್ತಿದ್ದರು. ಫೋನು ಮನೆಯಲ್ಲೇ ಇರಬೇಕು, ಟಾರ್ಚಿಗೆ, ಮಕ್ಕಳ ಹಾಡಿಗೆ. ಸಿಗ್ನಲ್ ಬೀಳುವ ತಿರುವಿನಲ್ಲಿ ಜೀಪು ನಿಲ್ಲಿಸಿ, ಒಂದೊಂದೇ ಸಿಮ್ಮನ್ನು ತನ್ನ ಫೋನಿಗೆ ಹಾಕಿ, ಬಿದ್ದ ಮೆಸೇಜು ಓದಿಕೊಂಡು, ಸಂಜೆ ಸಿಮ್ಮಿನ ಜೊತೆ ಸುದ್ದಿಯನ್ನೂ ಮನೆಮನೆಗೆ ಮುಟ್ಟಿಸುತ್ತಿದ್ದ. ಯಾರ ಪಿಂಚಣಿ ಬಂತು, ಯಾರ ಮಗಳು ಹೆತ್ತಳು, ಮೊದಲು ಅವನಿಗೇ ಗೊತ್ತು. ಅವನ ಹಾರನ್ ಕೇಳಿದರೆ ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದರು.

ಹಿಂದಿನ ಸೀಟಿನಲ್ಲಿ ಕೂತಿದ್ದ ಪುಟ್ಟಸಿದ್ದಯ್ಯ ಎಲೆಅಡಿಕೆ ಚೀಲದಿಂದ ತನ್ನ ಸಿಮ್ ತೆಗೆದು ಮುಂದಕ್ಕೆ ಚಾಚಿದ. “ನಂದು ನೋಡ್ಲಾ, ಮೊದ್ಲು ಹೆಬ್ಬೆಟ್ಟಗಲ ಇತ್ತು. ಫೋನ್ ಸಣ್ಣದಾಯ್ತು ಅಂತ ನೀನೇ ಕತ್ತರಿ ಹಾಕ್ದೆ. ಇನ್ನೊಂದ್ ಫೋನ್ ಬಂತು, ಇನ್ನೊಂದ್ ಸಲ ಕುಯ್ದೆ. ಈಗ ಉಗುರಷ್ಟದ. ಈ ಕೂಸಿಗೆ ಅದೂ ಬೇಡ್ವಂತೆ. ಒಳ್ಳೇದೇ ಆಯ್ತು ಬುಡು, ಕಳ್ಕತೀನಿ ಅನ್ನೋ ದಿಗಿಲಿಲ್ಲ.”

“ಏನೊಳ್ಳೇದು ಅಜ್ಜೋ? ನಾಳೆ ಫೋನ್ ಕೆಟ್ರೆ? ಸಿಮ್ಮಾದ್ರೆ ಕಿತ್ತು ಇನ್ನೊಂದ್ಕೆ ಹಾಕಬೋದು. ಕೈಲಿರೋ ವಸ್ತು.”

“ಯಾರ್ ಕೈಲಿ?” ಎಂದಳು ಮೀನಾ.

ಪುಟ್ಟಸಿದ್ದಯ್ಯ ಕಿಸಕ್ಕನೆ ನಕ್ಕ. ಮಾದೇಶನಿಗೆ ನಗು ಬರಲಿಲ್ಲ.

“ಫೋನ್ ಕೊಡು ಮತ್ತೆ. ತಿರುವಲ್ಲಿ ನಾನೇ ನೋಡ್ಕಂಡ್ ಬತ್ತೀನಿ.”

“ಲಾಕ್ ಹಾಕಿವ್ನಿ. ನಾನೇ ಬತ್ತೀನಿ ನಡಿ,” ಎಂದವಳೇ ಹತ್ತಿ ಅವನ ಪಕ್ಕ ಕೂತಳು.

ಜೀಪು ಹೊರಟಿತು. ಮಾದೇಶ್ ಎರಡನೆಯ ಗೇರಿಗೆ ಹಾಕಬೇಕಾದ ಕಡೆ ನಾಲ್ಕಕ್ಕೆ ಹಾಕಿದ, ಖಾಲಿ ರಸ್ತೆಗೆ ಹಾರನ್ ಹೊಡೆದ. ಜೋಳದ ಹೊಲದ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಆನೆ ಕಾದು ಸೋತವನೊಬ್ಬ ಜೀಪು ನಿಲ್ಲಿಸೆಂದು ಕೈ ಎತ್ತಿದ. ಮಾದೇಶ್ ನೋಡಿಯೂ ನೋಡದವನ ಹಾಗೆ ಹೊಡೆದ.

ಮಾದೇಶನ ಅಕ್ಕ ಶಿವಮ್ಮ ಮಗಳು ಮೀನಾಳನ್ನು ತಮ್ಮನಿಗೇ ಕೊಡುವುದೆಂದು ಎಂದೋ ತೀರ್ಮಾನಿಸಿದ್ದಳು. ಮೀನಾ ಬೇಡ ಅಂದಿರಲಿಲ್ಲ. “ಕೊಳ್ಳೇಗಾಲದಲ್ಲಿ ನರ್ಸ್ ಕೆಲ್ಸಕ್ಕೆ ಹಾಕಿವ್ನಿ. ಕರೆದ್ರೆ ಓಯ್ತೀನಿ, ಕರೀದಿದ್ರೆ ನೀ ಹೇಳ್ದಂಗೆ ಕಣವ್ವ” ಎಂದಿದ್ದಳು, ಅಷ್ಟೆ. ಅಂದಿನಿಂದ ದಿನಾ ಬೆಳಿಗ್ಗೆ ಸಿಮ್ ಬಿಚ್ಚಿ, ಬಟ್ಟೆಯ ಚೂರಲ್ಲಿ ಸುತ್ತಿ, ಮಾವನ ಕೈಗಿಡುತ್ತಿದ್ದಳು. ಕೆಲಸದ ಕರೆ ಬಂದೂ ಇತ್ತು. ಅವಳು ಕೊಳ್ಳೇಗಾಲಕ್ಕೆ ಹೋಗಿ ಈ ಫೋನು ತರುವ ಮೊದಲಿನ ವಾರ, ಇದೇ ತಿರುವಿನಲ್ಲಿ, ಅವನ ಫೋನಿನಲ್ಲಿ ಅದು ಬಿದ್ದಿತ್ತು. ಅವನು ಓದಿದ, ಮತ್ತೆ ಓದಿದ. ಸಂಜೆ ಸಿಮ್ ವಾಪಸ್ ಕೊಡುತ್ತ “ಏನೂ ಬಂದಿಲ್ಲ ಕಣೇ” ಎಂದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಮಾರನೆಯ ದಿನ ಅದೇ ಮಾತು ಸಲೀಸಾಗಿ ಬಂತು.

“ಸುಮ್ನೆ ದುಡ್ ಕಳ್ದೆ,” ಎಂದ ಈಗ, ರಸ್ತೆಯಿಂದ ಕಣ್ಣು ಕೀಳದೆ. “ನಂಗೇಳಿದ್ರೆ ನಾನೇ ಒಳ್ಳೇ ಫೋನ್ ಕೊಡುಸ್ತಿರ್‍ಲಿಲ್ವಾ?”

“ಕೊಡುಸ್ತಿದ್ದೆ ಮಾವ. ತೂತಿರೋದು ಕೊಡುಸ್ತಿದ್ದೆ.”

ಹಿಂದಿನಿಂದ ಪುಟ್ಟಸಿದ್ದಯ್ಯ ಮತ್ತೆ ಕಿಸಕ್ಕೆಂದ.

ತಿರುವು ಬಂತು. ಮಾದೇಶ್ ಎಂದಿನಂತೆ ಎಂಜಿನ್ ಆರಿಸಲಿಲ್ಲ. ಬೇಗ ನೋಡಿಕೊಳ್ಳಲಿ, ಬೇಗ ಹೊರಡೋಣ ಎಂದು ಒಂದು ಕಾಲು ಕ್ಲಚ್ಚಿನ ಮೇಲೆಯೇ ಇಟ್ಟ. ಮೀನಾಳ ಫೋನು ಅವಳ ಅಂಗೈಯಲ್ಲಿ ಒಮ್ಮೆ ನಡುಗಿತು, ಮತ್ತೊಮ್ಮೆ ನಡುಗಿತು. ಅವಳು ಪರದೆಯನ್ನು ಎದೆಯ ಕಡೆ ತಿರುಗಿಸಿ ಹಿಡಿದು ಓದಿದಳು. ಅವನ ಕಣ್ಣಿಗೆ ಬಿದ್ದದ್ದು ಫೋನಿನ ಬೆನ್ನು ಮಾತ್ರ. ಅದರಲ್ಲಿ ಅವನದೇ ಮುಖ ಮಸುಕಾಗಿ ಕಾಣುತ್ತಿತ್ತು. ಈ ತಿರುವಿನಲ್ಲಿ ಬಿದ್ದ ಮೆಸೇಜೊಂದು ಅವನಿಗೆ ಗೊತ್ತಾಗದೆ ಹೋದದ್ದು ಇದೇ ಮೊದಲು.

“ಏನಂತೆ?” ಎಂದ.

ಮೀನಾ ಅವನ ಕಡೆ ತಿರುಗಲಿಲ್ಲ. ಶಾಲೆಯಲ್ಲಿ ಪಾಠ ಓದುವವಳ ಹಾಗೆ, ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ ಓದಿದಳು: “ಎರಡನೇ ಸಲ ತಿಳಿಸುತ್ತಿದ್ದೇವೆ. ಸೋಮವಾರ ಬಂದು ಕೆಲಸಕ್ಕೆ ಸೇರಿಕೊಳ್ಳಿ.”

“ಒಳ್ಳೇ ಸುದ್ದಿನೇಯ ಕೂಸೆ,” ಎಂದ ಪುಟ್ಟಸಿದ್ದಯ್ಯ ಹಿಂದಿನಿಂದ.

ಮೀನಾ ಫೋನನ್ನು ಮಡಿಲಲ್ಲಿಟ್ಟುಕೊಂಡಳು. “ಮೊದಲ್ನೇ ಸಲ ಯಾವಾಗ ತಿಳಿಸಿದ್ರು ಮಾವ?”

ಮಾದೇಶ್ ಕೀ ತಿರುಗಿಸಿದ. ಓಡುತ್ತಲೇ ಇದ್ದ ಎಂಜಿನ್ ಕಿರ್ರೆಂದು ಹಲ್ಲು ಕಡಿಯಿತು.