ನಾಲ್ಕರ ಸ್ಪೀಡಿನಲ್ಲಿ ಖಾರಪುಡಿ

ಟೀವಿಯೊಳಗೆ ಖಾರಪುಡಿ ಮುಂಗಾಲೆರಡನ್ನೂ ಎತ್ತಿ ಗಾಳಿಯಲ್ಲೇ ನಿಂತುಬಿಟ್ಟಿತು. ಕೆಳಗಿಳಿಯಲೇ ಇಲ್ಲ.

"ಏ ಸಿದ್ದ್ಯಾ, ನನ್ನ ಹೋರಿ ಯಾಕಲೇ ಮ್ಯಾಲೆ ನೇತಾಡಾಕತ್ತೈತಿ?" ಎಂದು ಉಡಚಪ್ಪ ಕೂಗಿದ.

"ಹೀರೋ ಎಂಟ್ರಿ ಅಂದ್ರ ಹಂಗಽ ಕಾಕಾ. ಸ್ಲೋ ಮೋಷನ್," ಎಂದ ಸಿದ್ದೇಶ.

"ಸ್ಲೋ ಎಲ್ಲೈತಲೇ? ಮೋಷನ್ನಽ ಇಲ್ಲ!"

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಉಡಚಪ್ಪನಿಗೆ ಖಾರಪುಡಿ ಎಂಬ ಆ ಹೋರಿಯೇ ಪ್ರಾಣ. ಹೋದ ವಾರ ರಾಣೆಬೆನ್ನೂರಿನ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಕೊರಳಿಗೆ ಕೊಬ್ಬರಿ ಹಾರ ಹಾಕಿಕೊಂಡು, ಹಿಡಿಯಲು ಬಂದ ಹುಡುಗರನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿ ಓಡಿತ್ತು. ಹಾರಕ್ಕೆ ಯಾರ ಕೈಯೂ ಬೀಳದೆ ಗೆರೆ ದಾಟಿದ ಹೋರಿಗೆ ಬೈಕು ಬಹುಮಾನ. ಖಾರಪುಡಿ ಗೆರೆಯನ್ನೇನೋ ದಾಟಿತು, ಆದರೆ ದಾಟಿದಾಗ ಕೊರಳಲ್ಲಿ ಹಾರವೇ ಇರಲಿಲ್ಲ! ದಾರ ಹರಿದು ಧೂಳಿನಲ್ಲಿ ಬಿದ್ದಿದೆ ಎಂದು ಉಡಚಪ್ಪ. ಯಾರೋ ಕಿತ್ತುಕೊಂಡಿದ್ದಾರೆ ಎಂದು ಕಮಿಟಿ. ವಿಡಿಯೋ ನೋಡಿಯೇ ತೀರ್ಮಾನ ಎಂದು ಅಧ್ಯಕ್ಷರಾದ ವಿರೂಪಾಕ್ಷಪ್ಪನವರು ಈಗ ಉಡಚಪ್ಪನ ಪಡಸಾಲೆಯಲ್ಲಿ ಬಂದು ಕೂತಿದ್ದರು. ಡಿಸ್ಕು ಕಾಪಿ ಮಾಡಿ ತಂದವನು ಸ್ಟೇಷನ್ ರಸ್ತೆಯ ಡಿವಿಡಿ ಅಂಗಡಿಯ ಸಿದ್ದೇಶ. ಎರಡು ಮಾತಾಡಿದರೆ ಅದರಲ್ಲೊಂದು ಸಿನಿಮಾ ಡೈಲಾಗು ಇರುವಂಥ ಆಸಾಮಿ.

"ಮುಂದ ಯಾರೋ ಕೈ ಹಾಕ್ಯಾರ, ಅದಕ್ಕಽ ಇಲ್ಲಿಗೆ ಕತ್ತರಿ ಹೊಡಿಸೀಯಪಾ ಉಡಚಪ್ಪ," ಎಂದು ವಿರೂಪಾಕ್ಷಪ್ಪನವರು ಮೀಸೆಯಲ್ಲೇ ನಕ್ಕರು.

"ಯಜಮಾನ್ರ, ಲ್ಯಾಪ್‌ಟಾಪಿನಾಗ ತೋರಸ್ಲೇನ್ರಿ?" ಎಂದ ಸಿದ್ದೇಶ.

"ಬ್ಯಾಡ. ಅದರಾಗ ನೀವು ಸತ್ತ ಹೋರೀನೂ ಓಡಸ್ತೀರಿ. ನನಗ ಟೀವ್ಯಾಗಽ ತೋರ್ಸು."

ಚಿತ್ರ ನಿಂತದ್ದಕ್ಕೆ ಕಾರಣ ಏನೆಂದು ಸಿದ್ದೇಶನಿಗೆ ಗೊತ್ತಿತ್ತು. ಗಡಿಬಿಡಿಯಲ್ಲಿ ಹದಿನಾರರ ಸ್ಪೀಡಿನಲ್ಲಿ ಡಿಸ್ಕು ಬರೆದುಬಿಟ್ಟಿದ್ದ. ಅವನ ಅಂಗಡಿಯ ಹೊಸ ಪ್ಲೇಯರು ಏನು ಹಾಕಿದರೂ ನುಂಗುತ್ತಿತ್ತು. ಉಡಚಪ್ಪನ ಮನೆಯದು ಮಾತ್ರ ಹಲ್ಲು ಬಿದ್ದ ಮುದುಕ. ಸಾವಕಾಶವಾಗಿ ಬೇಯಿಸಿ, ಮೆತ್ತಗೆ ಮಾಡಿ ಕೊಟ್ಟರಷ್ಟೇ ಅದಕ್ಕೆ ಇಳಿಯುವುದು. ಸಿದ್ದೇಶ ಅಲ್ಲೇ ಲ್ಯಾಪ್‌ಟಾಪು ಬಿಚ್ಚಿ, ಖಾಲಿ ಡಿಸ್ಕು ಹಾಕಿ, ಎಂಟರಲ್ಲಿ ಬರೆದ. ಈ ಸಲ ಖಾರಪುಡಿ ನೆಲಕ್ಕಿಳಿಯಿತು, ಒಂದಿಷ್ಟು ದೂರ ಓಡಿತು, ಕೆಂಪು ಬಾವುಟದ ಹತ್ತಿರ ಬಂದು ಮತ್ತೆ ಸಿಕ್ಕಿಕೊಂಡಿತು. ಅದೂ ನಾಲಿಗೆ ಹೊರಚಾಚಿಕೊಂಡು.

"ಇಂಟರ್ವಲ್ ಕಾಕಾ, ಇಂಟರ್ವಲ್. ನಾಲ್ಕರಾಗ ಬರದು ಕೊಡ್ತೀನಿ, ಎಲ್ಲೂ ನಿಲ್ಲಂಗಿಲ್ಲ."

ಉಡಚಪ್ಪ ಧಡಕ್ಕನೆ ಎದ್ದು ನಿಂತ. "ನಾಲ್ಕು? ಆ ಹಾವೇರಿಯವ್ರ ಹೋರಿ ಹದಿನಾರರಾಗ ಬರದು ಕೊಟ್ಟೀದಿ, ನನ್ನ ಖಾರಪುಡಿ ನಾಲ್ಕರಾಗ? ಮಂದಿ ಕೇಳಿದ್ರ ಏನಂದಾರು?"

"ಕಾಕಾ, ಅದು ಬರಿಯೋ ಸ್ಪೀಡು, ಓಡೋ ಸ್ಪೀಡಲ್ಲ."

"ಅಷ್ಟೂ ತಿಳಿಯಂಗಿಲ್ಲೇನಲೇ ನನಗ? ಆದ್ರೂ ನಾಲ್ಕಂದ್ರ ನಾಲ್ಕಽ ಅಲ್ಲೇನು!"

ಸಿದ್ದೇಶ ಕಾಲರ್ ಮೇಲೆತ್ತಿಕೊಂಡ. ಧ್ವನಿಯನ್ನು ಹೊಟ್ಟೆಯ ತಳದಿಂದ ಎಳೆದು ತಂದ. "ಕಾಕಾ, ಹದಿನಾರು ಸೌಂಡ್ ಮಾಡ್ಕೋತ ಬರ್ತೈತಿ. ನಾಲ್ಕು ಸುಮ್ನ ಬರ್ತೈತಿ. ಆದ್ರ ಒಮ್ಮೆ ಬಂತಂದ್ರ... ನಿಲ್ಸೋ ಗಂಡಸು ಇನ್ನೂ ಹುಟ್ಟಿಲ್ಲ!"

ವಿರೂಪಾಕ್ಷಪ್ಪನವರಿಗೆ ತಾವು ಯಾವ ಪಕ್ಷದವರೆಂಬುದೇ ಮರೆತು ಸೀಟಿ ಹೊಡೆಯುವ ಹಾಗಾಯಿತು.

ನಾಲ್ಕರಲ್ಲಿ ಬರೆಯುವುದು ಶುರುವಾಯಿತು. ಲ್ಯಾಪ್‌ಟಾಪಿನ ಮೇಲೆ ಹಸಿರು ಪಟ್ಟಿ ಗಬ್ಬದ ಎಮ್ಮೆಯ ಹಾಗೆ ಹೆಜ್ಜೆ ಹಾಕುತ್ತಿತ್ತು. ಉಡಚಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು "ಹಾಂ, ನಡಿ... ನಡಿ ನನ್ನ ರಾಜಾ," ಎಂದು ಹುರಿದುಂಬಿಸಿದ. ಬರೆದು ಮುಗಿಯುವ ಹೊತ್ತಿಗೆ ಅವನ ಹೆಂಡತಿ ಉಚ್ಚಂಗೆವ್ವ ಒಂದು ತಟ್ಟೆ ಉಂಡಿ ತಂದಿಟ್ಟು ಒಳಗೆ ಹೋದಳು. ಸಿದ್ದೇಶ ಡಿಸ್ಕಿಗೆ ಮುತ್ತು ಕೊಟ್ಟು ಪ್ಲೇಯರಿಗೆ ಹಾಕಿದ.

ಖಾರಪುಡಿ ಬಂತು. ಗಾಳಿಯಲ್ಲಿ ನಿಲ್ಲಲಿಲ್ಲ. ಹುಡುಗರು ಮೇಲೆ ಬಿದ್ದರು, ಬಿದ್ದಷ್ಟೇ ಬೇಗ ಕೆಳಗೆ ಬಿದ್ದರು. ಒಬ್ಬನ ಲುಂಗಿ ಕೊಂಬಿಗೆ ಸಿಕ್ಕಿ ಒಂದಿಷ್ಟು ದೂರ ಮೆರವಣಿಗೆ ಹೋಯಿತು. ಖಾರಪುಡಿ ಕೆಂಪು ಬಾವುಟವನ್ನೂ ದಾಟಿತು. ಕೊರಳಲ್ಲಿ ಹಾರ ಹಾಗೆಯೇ ಕುಣಿಯುತ್ತಿತ್ತು.

"ನೋಡ್ರಿ! ಯಾವನರೆ ಮುಟ್ಟ್ಯಾನೇನು? ಬೈಕಿನ ಕೀಲಿ ತಗೀರಿ!" ಉಡಚಪ್ಪ ತೊಡೆ ತಟ್ಟಿದ.

ಜನರ ಕಣ್ಣೆಲ್ಲ ಹಿಂದೆ ಲುಂಗಿ ಕಳೆದುಕೊಂಡವನ ಮೇಲೆಯೇ ಇದ್ದಾಗ, ಗೆರೆ ಇನ್ನೇನು ಬಂತು ಎನ್ನುವಲ್ಲಿ, ಬೇಲಿಯ ಸಂದಿನಿಂದ ಒಂದು ಹಸಿರು ಸೀರೆ ಹೊರಬಂತು. ತಲೆ ಮೇಲೆ ಸೆರಗು, ಕೈಯಲ್ಲಿ ಸಂತೆಯ ಚೀಲ. ಉಚ್ಚಂಗೆವ್ವ! ಅವಳು ಏನೋ ಅಂದಳು. ಜನರ ಕೇಕೆಯಲ್ಲಿ ಕೇಳಿಸಲಿಲ್ಲ. ಹೋರಿಗೆ ಮಾತ್ರ ಕೇಳಿಸಿತು. ಅಷ್ಟು ಗಂಡಸರಿಗೆ ಬಗ್ಗದ ಖಾರಪುಡಿ ಗಕ್ಕನೆ ನಿಂತು, ಹಾಲುಗರುವಿನ ಹಾಗೆ ಕೊರಳು ಬಗ್ಗಿಸಿತು. ಅವಳು ಹಾರವನ್ನು ಕಿತ್ತುಕೊಳ್ಳಲಿಲ್ಲ. ನಿಧಾನಕ್ಕೆ ಗಂಟು ಬಿಚ್ಚಿದಳು, ಧೂಳು ಊದಿದಳು, ಚೀಲಕ್ಕೆ ಹಾಕಿಕೊಂಡಳು, ಹೋರಿಯ ಕುಂಡಿಗೊಂದು ಪೆಟ್ಟು ಕೊಟ್ಟು ಕಳಿಸಿದಳು. ಬರಿ ಕೊರಳಿನ ಖಾರಪುಡಿ ಗೆರೆ ದಾಟಿತು.

ಡಿಸ್ಕು ಎಲ್ಲೂ ನಿಲ್ಲಲಿಲ್ಲ. ಒಂದು ಚೂರೂ ಮಸುಕಾಗಲಿಲ್ಲ. ಇಷ್ಟು ಚೆಂದದ ಕಾಪಿಯನ್ನು ಸಿದ್ದೇಶ ಜನ್ಮದಲ್ಲೇ ಬರೆದಿರಲಿಲ್ಲ. ಎತ್ತಿಕೊಂಡಿದ್ದ ಕಾಲರನ್ನು ಮೆಲ್ಲಗೆ ಇಳಿಸಿಕೊಂಡ.

ಮೂವರೂ ಒಟ್ಟಿಗೆ ಅಡುಗೆಮನೆಯ ಕಡೆ ತಿರುಗಿದರು. ಬಾಗಿಲಲ್ಲಿ ಉಚ್ಚಂಗೆವ್ವ ಎರಡನೆಯ ತಟ್ಟೆ ಹಿಡಿದು ನಿಂತಿದ್ದಳು. ವಿರೂಪಾಕ್ಷಪ್ಪನವರ ಕೈಯಲ್ಲಿ ಅರ್ಧ ಉಂಡಿ, ಬಾಯಲ್ಲಿ ಇನ್ನರ್ಧ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಯಾಕ್ರೀ ಅಣ್ಣಾರ," ಎಂದಳು ಉಚ್ಚಂಗೆವ್ವ, "ಕೊಬ್ಬರಿ ಕಡಿಮಿ ಆತೇನು?"